ಬಿಸಿಲಿಗೆ ಲೆಕ್ಕವಿಟ್ಟ ಅನ್ನಾ ಮಣಿ

ಡೊಂಬಿವಲಿ ಪೂರ್ವದ ನಮ್ಮ ಹೌಸಿಂಗ್ ಸೊಸೈಟಿಯ ಕಳೆದ ವಾರ್ಷಿಕ ಸಭೆಯಲ್ಲಿ ತಾರಸಿಯ ಮೇಲೆ ಸೌರಫಲಕ ಅಳವಡಿಸುವ ಪ್ರಸ್ತಾಪ ಬಂದಾಗ ಒಂದು ಗಂಟೆಗೂ ಹೆಚ್ಚು ಹೊತ್ತು ಚರ್ಚೆಯಾಯಿತು. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳ ಬಿಲ್ಲು ಏರುತ್ತಲೇ ಇದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ಸೊಸೈಟಿಗಳ ಸಾಮಾನ್ಯ ಬಳಕೆಗೆ ಕಿಲೋವಾಟಿಗೆ 18,000 ರೂಪಾಯಿ ಸಹಾಯಧನ ಘೋಷಣೆಯಾಯಿತು. ಹಣದ ವಿಚಾರದಲ್ಲಿ ಯಾರದೂ ತಕರಾರಿರಲಿಲ್ಲ. ತಕರಾರು ಬಂದದ್ದು ಫಲಕ ಯಾವ ದಿಕ್ಕಿಗೆ ಮುಖ ಮಾಡಬೇಕು, ಎಷ್ಟು ಓರೆಯಾಗಿರಬೇಕು ಎಂಬಲ್ಲಿ. ಆ ಸಭೆಯಿಂದ ಮನೆಗೆ ಮರಳಿದ ಮೇಲೆ ನಮಗೆ ನೆನಪಾದದ್ದು ಒಬ್ಬ ಮಹಿಳೆಯ ಹೆಸರು. ಆ ಹೆಸರಿನ ಬಗ್ಗೆ ನಮ್ಮದೇ ಒಂದು ಹಳೆಯ ತಪ್ಪು ಇರುವುದರಿಂದ ಈ ಬರಹಕ್ಕೆ ಕೈಹಾಕಿದ್ದೇವೆ.

ಬ್ಯಾಂಕಿನ ಸಾಲ ವಿಭಾಗದಲ್ಲಿ ನಾವು ಕುಳಿತಿದ್ದ ಕಾಲದಲ್ಲಿ ಥಾಣೆ, ಕಲ್ಯಾಣ್ ಕಡೆಯ ಸೊಸೈಟಿಗಳಿಂದಲೂ ನವಿಮುಂಬಯಿಯ ಸಣ್ಣ ಕಾರ್ಖಾನೆಗಳಿಂದಲೂ ಸೌರ ಜಲತಾಪಕಗಳಿಗಾಗಿ ಸಾಲದ ಅರ್ಜಿಗಳು ಬರುತ್ತಿದ್ದವು. ಅರ್ಜಿಯ ಜೊತೆ ಯೋಜನಾ ವರದಿ, ವರದಿಯ ಕೊನೆಯಲ್ಲಿ ತಿಂಗಳುವಾರು ಬಿಸಿಲಿನ ಕೋಷ್ಟಕ. ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿ ಆಧಾರಗ್ರಂಥದ ಕರ್ತೃಗಳಾಗಿ ಮಣಿ ಮತ್ತು ರಂಗರಾಜನ್ ಎಂಬ ಎರಡು ಹೆಸರುಗಳು. ಕಲಾ ವಿಭಾಗದ ಪದವೀಧರರಾದ ನಮಗೆ ಆ ಅಂಕಿಗಳ ಒಳಮರ್ಮ ತಿಳಿಯುತ್ತಿರಲಿಲ್ಲ. ಮೊಹರು ಒತ್ತಿ ಮುಂದಕ್ಕೆ ಕಳುಹಿಸುತ್ತಿದ್ದೆವು. ಮಣಿ ಎಂದರೆ ಮದ್ರಾಸಿನ ಕಡೆಯ ಯಾರೋ ಹಿರಿಯ ಮಹನೀಯರಿರಬೇಕೆಂದು ಹಲವು ವರ್ಷ ನಂಬಿದ್ದೆವು. ಆ ಮಣಿ ಒಬ್ಬ ಮಹಿಳೆ, ಅವರ ವಿಜ್ಞಾನಜೀವನ ತೊಡಗಿದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ತಿಳಿದಾಗ ನಮಗಾದ ಸಂಕೋಚ ಇಂದಿಗೂ ಪೂರ್ತಿ ಹೋಗಿಲ್ಲ.

ಅನ್ನಾ ಮಣಿಯವರು ಹುಟ್ಟಿದ್ದು 1918ರ ಆಗಸ್ಟ್ 23ರಂದು, ಅಂದಿನ ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ. ತಂದೆ ಸಿವಿಲ್ ಇಂಜಿನಿಯರು, ಏಲಕ್ಕಿ ತೋಟಗಳ ಒಡೆಯರು. ಎಂಟು ಮಕ್ಕಳಲ್ಲಿ ಈಕೆ ಏಳನೆಯವರು. ಆ ಸಿರಿವಂತ ಸಿರಿಯನ್ ಕ್ರೈಸ್ತ ಮನೆತನದಲ್ಲಿ ಗಂಡುಮಕ್ಕಳು ದೊಡ್ಡ ಹುದ್ದೆಗಳಿಗೆ, ಹೆಣ್ಣುಮಕ್ಕಳು ಮದುವೆಗೆ ಎಂಬುದು ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆಯಾಗಿತ್ತು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯ ವಾಡಿಕೆಯಂತೆ ವಜ್ರದ ಓಲೆ ತಂದಿಟ್ಟಾಗ ಬಾಲಕಿ ಅದನ್ನು ಬೇಡವೆಂದು, ಬದಲಿಗೆ ಬ್ರಿಟಾನಿಕಾ ವಿಶ್ವಕೋಶದ ಸಂಪುಟಗಳನ್ನು ಕೇಳಿ ಪಡೆದರಂತೆ. ಊರಿನ ವಾಚನಾಲಯದ ಮಲಯಾಳಂ ಪುಸ್ತಕಗಳನ್ನು ಆ ಹೊತ್ತಿಗಾಗಲೇ ಹೆಚ್ಚುಕಡಿಮೆ ಓದಿ ಮುಗಿಸಿದ್ದರು. ವೈಕಂ ಸತ್ಯಾಗ್ರಹದ ಕಾಲದಲ್ಲಿ, 1925ರಲ್ಲಿ, ಗಾಂಧೀಜಿ ಆ ಸೀಮೆಗೆ ಬಂದರು. ಆ ಗಾಳಿ ಎಳೆಯ ಮನಸ್ಸಿಗೆ ತಾಗಿತು. ಮುಂದೆ ಅವರು ಖಾದಿ ಉಡತೊಡಗಿದರು. ಲಂಡನ್ನು, ದೆಹಲಿಗಳನ್ನು ಕಂಡ ಮೇಲೂ ಅದನ್ನು ಬಿಡಲಿಲ್ಲ. ಅಕ್ಕಂದಿರಂತೆ ಬೇಗ ಮದುವೆಯಾಗಲು ಒಪ್ಪಲಿಲ್ಲ; ಕೊನೆಯವರೆಗೂ ಅವಿವಾಹಿತರಾಗಿಯೇ ಉಳಿದರು.

ಮದ್ರಾಸಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಆನರ್ಸ್ ಪದವಿ ಮುಗಿಸಿ 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಕಾಲವದು. ಸರ್ ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಸುಲಭದ ಮಾತಾಗಿರಲಿಲ್ಲ. ಮುಂಬಯಿಯಿಂದ ಹೋದ ಕಮಲಾ ಭಾಗವತ್, ಅಂದರೆ ಮುಂದೆ ಕಮಲಾ ಸೊಹೋನಿ ಎಂದು ಹೆಸರಾದ ಜೀವರಸಾಯನ ವಿಜ್ಞಾನಿ, 1933ರಲ್ಲಿ ಹಟಹಿಡಿದ ಮೇಲಷ್ಟೆ ಅದೇ ಸಂಸ್ಥೆಯಲ್ಲಿ ಒಂದು ವರ್ಷದ ಪರೀಕ್ಷಾವಧಿಯ ಮೇಲೆ ಸೇರ್ಪಡೆಯಾದ ಕಥೆ ನಮ್ಮ ಮಹಾರಾಷ್ಟ್ರದಲ್ಲಿ ಅನೇಕರಿಗೆ ಗೊತ್ತು. ಏಳು ವರ್ಷಗಳ ತರುವಾಯ ಅನ್ನಾ ಮಣಿಯವರು ಬಂದಾಗ ಬಾಗಿಲು ತೆರೆದಿತ್ತಾದರೂ ಒಳಗೆ ಗಂಡಸರೂ ಹೆಂಗಸರೂ ಒಟ್ಟಿಗೆ ಕುಳಿತು ಚರ್ಚಿಸುವುದು ರಾಮನ್ನರಿಗೆ ಇಷ್ಟವಿರಲಿಲ್ಲ. ರಾಮನ್ನರ ಹಿರಿಮೆಯ ಬಗ್ಗೆ ನಮಗೆ ಎರಡು ಮಾತಿಲ್ಲ. ಆದರೂ ಇದನ್ನು ಮರೆಮಾಚಬೇಕಾದ ಅಗತ್ಯ ನಮಗೆ ಕಾಣುವುದಿಲ್ಲ.

ಬಾಲ್ಯದಲ್ಲಿ ವಜ್ರದ ಓಲೆ ನಿರಾಕರಿಸಿದವರ ಪಾಲಿಗೆ ಬಂದದ್ದು ವಜ್ರಗಳೇ. ರಾಮನ್ನರ ಬಳಿ ಸುಮಾರು ಮುನ್ನೂರು ವಜ್ರಗಳ ಸಂಗ್ರಹವಿತ್ತು. ವಜ್ರ ಮತ್ತು ಮಾಣಿಕ್ಯಗಳು ಬೆಳಕನ್ನು ಹೇಗೆ ಹೀರುತ್ತವೆ, ಹೀರಿದ್ದನ್ನು ಹೇಗೆ ಮರಳಿ ಹೊರಸೂಸುತ್ತವೆ ಎಂಬುದು ಅನ್ನಾ ಮಣಿಯವರ ಅಧ್ಯಯನದ ವಿಷಯ. ಆ ಮಂದಬೆಳಕನ್ನು ಛಾಯಾಚಿತ್ರದ ಫಲಕದ ಮೇಲೆ ಮೂಡಿಸಲು ಹದಿನೈದು ಇಪ್ಪತ್ತು ಗಂಟೆ ಕಾಯಬೇಕಾಗುತ್ತಿತ್ತು. ಎಷ್ಟೋ ರಾತ್ರಿ ಅವರು ಪ್ರಯೋಗಶಾಲೆಯಲ್ಲೇ ಮಲಗಿ ಎದ್ದರು. 1942ರಿಂದ 1945ರೊಳಗೆ ಒಬ್ಬರೇ ಬರೆದ ಐದು ಪ್ರಬಂಧಗಳು ಪ್ರಕಟವಾದವು. 1945ರ ಆಗಸ್ಟಿನಲ್ಲಿ ಡಾಕ್ಟರೇಟಿಗಾಗಿ ಮಹಾಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ವಿಶ್ವವಿದ್ಯಾಲಯವು ಅವರಿಗೆ ಎಂ.ಎಸ್ಸಿ. ಇಲ್ಲವೆಂಬ ಕಾರಣ ಮುಂದಿಟ್ಟು ಪದವಿಯನ್ನು ನಿರಾಕರಿಸಿತು. ಆನರ್ಸ್ ಇತ್ತು, ಸಂಶೋಧನೆಗೆ ವಿದ್ಯಾರ್ಥಿವೇತನ ದೊರೆತಿತ್ತು, ಐದು ಪ್ರಬಂಧಗಳು ಅಚ್ಚಾಗಿದ್ದವು. ಕಾಗದವೊಂದು ಕಡಿಮೆಯಿತ್ತು, ಅಷ್ಟೆ. ಬ್ಯಾಂಕಿನವರಾದ ನಮಗೆ ಒಂದು ದಾಖಲೆ ಕಡಿಮೆಯೆಂದು ಅರ್ಜಿ ಹಿಂದಿರುಗಿಸುವುದು ಹೊಸತಲ್ಲ; ಹಾಗೆ ಹಿಂದಿರುಗಿಸಿದ ಎಷ್ಟು ಅರ್ಜಿಗಳ ಒಳಗೆ ಏನೇನಿತ್ತೋ ಎಂಬ ಯೋಚನೆ ಈ ಸಂಗತಿ ಓದಿದ ದಿನ ನಮ್ಮನ್ನು ಕಾಡಿತು. ಆ ಮಹಾಪ್ರಬಂಧ ರಟ್ಟು ಕಟ್ಟಿಸಿಕೊಂಡು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದ ಇತರರ ಪ್ರಬಂಧಗಳ ಸಾಲಿನಲ್ಲೇ ಉಳಿಯಿತು. ಆ ಪದವಿ ಸಿಗದಿದ್ದುದರಿಂದ ತಮಗೇನೂ ನಷ್ಟವಾಗಲಿಲ್ಲವೆಂದೇ ಅವರು ಕಡೆಗೂ ಭಾವಿಸಿದ್ದರು.

ಯುದ್ಧ ಮುಗಿದ ವರ್ಷವೇ ಸರಕಾರದ ವಿದ್ಯಾರ್ಥಿವೇತನದ ಮೇಲೆ ಸೈನಿಕರನ್ನು ಸಾಗಿಸುವ ಹಡಗನ್ನೇರಿ ಇಂಗ್ಲೆಂಡಿಗೆ ಹೋದರು. ಭೌತಶಾಸ್ತ್ರದಲ್ಲಿ ಮುಂದುವರಿಯಬೇಕೆಂಬುದು ಆಸೆ. ಆದರೆ ಆಗ ಲಭ್ಯವಿದ್ದ ಅವಕಾಶ ಹವಾಮಾನ ಮಾಪಕಗಳ ವಿಭಾಗದಲ್ಲಿ ಮಾತ್ರ. ಒಪ್ಪಿಕೊಂಡರು. ನಮ್ಮ ದೇಶದ ಸೌರವಿಜ್ಞಾನಕ್ಕೆ ಅವರು ದೊರೆತದ್ದು ಹೀಗೆ ಆಕಸ್ಮಿಕವಾಗಿ.

1948ರಲ್ಲಿ ಸ್ವತಂತ್ರ ಭಾರತಕ್ಕೆ ಮರಳಿ ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯ ಮಾಪಕ ವಿಭಾಗವನ್ನು ಸೇರಿದರು. ಮಳೆ ಅಳೆಯುವ ಪಾತ್ರೆ, ಉಷ್ಣಮಾಪಕಗಳಂಥ ಸರಳ ಸಾಧನಗಳನ್ನೂ ಹೊರದೇಶದಿಂದ ತರಿಸುತ್ತಿದ್ದ ಕಾಲವದು. ಅವುಗಳನ್ನು ಇಲ್ಲಿಯೇ ಮಾಡಬೇಕೆಂಬುದು ಎಸ್. ಪಿ. ವೆಂಕಟೇಶ್ವರನ್ ಎಂಬ ಹಿರಿಯರ ಸಂಕಲ್ಪವಾಗಿತ್ತು. ಆ ಸಂಕಲ್ಪಕ್ಕೆ ಕೈಯಾಗಿ ನಿಂತವರು ಅನ್ನಾ ಮಣಿ. 1953ರ ಹೊತ್ತಿಗೆ ಅವರು ವಿಭಾಗದ ಮುಖ್ಯಸ್ಥೆ. ಅವರ ಕೈಕೆಳಗೆ 121 ಮಂದಿ ಗಂಡಸರು. ಸುಮಾರು ನೂರು ಬಗೆಯ ಸಾಧನಗಳ ನಕ್ಷೆಗಳನ್ನು ಒಂದೇ ಮಾನಕಕ್ಕೆ ತಂದು ಕಾರ್ಖಾನೆಯಲ್ಲಿ ತಯಾರಿಸುವ ವ್ಯವಸ್ಥೆ ಮಾಡಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ನಿಲುವು. ಅದನ್ನು ಅವರು ಕೈಕೆಳಗಿನವರ ಮೇಲೂ ತಮ್ಮ ಮೇಲೂ ಒಂದೇ ಬಗೆಯಾಗಿ ಹೇರಿಕೊಂಡಿದ್ದರು.

1957-58ನ್ನು ಜಗತ್ತಿನ ವಿಜ್ಞಾನಿಗಳು ಅಂತಾರಾಷ್ಟ್ರೀಯ ಭೂಭೌತ ವರ್ಷವೆಂದು ಆಚರಿಸಿದರು. ಆ ಸಂದರ್ಭದಲ್ಲಿ ಭಾರತದಲ್ಲಿ ಸೌರವಿಕಿರಣ ಅಳೆಯುವ ಕೇಂದ್ರಗಳ ಜಾಲವೊಂದನ್ನು ಅನ್ನಾ ಮಣಿಯವರು ಕಟ್ಟಿದರು. ಬಿಸಿಲನ್ನು ಅಳೆಯುವುದೆಂದರೇನು? ಗಾಜಿನ ಗುಮ್ಮಟದ ಕೆಳಗೆ ಕಪ್ಪು ಬಳಿದ ಸಣ್ಣ ಬಿಲ್ಲೆ. ಬಿಸಿಲಿಗೆ ಅದು ಕಾದಾಗ ಕೆಳಗಿನ ಲೋಹದ ಬೆಸುಗೆಗಳಲ್ಲಿ ಅತಿ ಸೂಕ್ಷ್ಮ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತೇ ಬಿಸಿಲಿನ ಅಳತೆ. ಪೈರನೋಮೀಟರ್ ಎಂದು ಅದರ ಹೆಸರು. ಇಡೀ ಆಕಾಶದಿಂದ ಬರುವ ಬೆಳಕನ್ನೆಲ್ಲ ಅದು ಎಣಿಸುತ್ತದೆ. ಸೂರ್ಯಬಿಂಬದಿಂದ ನೇರ ಬರುವುದನ್ನು ಮಾತ್ರ ಅಳೆಯಬೇಕಾದರೆ ಸೂರ್ಯನತ್ತಲೇ ಗುರಿಯಿಟ್ಟ ಕೊಳವೆಯಂಥ ಬೇರೆ ಮಾಪಕ ಬೇಕು. ಚದರಿದ ಬೆಳಕನ್ನಷ್ಟೇ ಅಳೆಯಲು ಪೈರನೋಮೀಟರಿನ ಮೇಲೆ ಸೂರ್ಯನ ಹಾದಿಗೆ ಅಡ್ಡಲಾಗಿ ಲೋಹದ ಬಳೆಯೊಂದನ್ನು ನಿಲ್ಲಿಸುತ್ತಾರೆ. ಸೂರ್ಯನು ಉತ್ತರ ದಕ್ಷಿಣಕ್ಕೆ ಸರಿದಂತೆ ಆ ಬಳೆಯನ್ನೂ ಸರಿಸುತ್ತಿರಬೇಕು, ಬಳೆ ಮರೆಮಾಡಿದ ಆಕಾಶದ ಪಾಲನ್ನು ಲೆಕ್ಕದಲ್ಲಿ ಮರಳಿ ಸೇರಿಸಬೇಕು. ಗುಮ್ಮಟದ ಮೇಲೆ ಧೂಳು ಕೂತರೆ, ಕಪ್ಪು ಬಣ್ಣ ಮಾಸಿದರೆ ಅಂಕಿ ಸುಳ್ಳಾಗುತ್ತದೆ. ಆದುದರಿಂದ ಪ್ರತಿ ಮಾಪಕವನ್ನೂ ಕಾಲಕಾಲಕ್ಕೆ ಮೂಲಮಾನದ ಮಾಪಕದೊಂದಿಗೆ, ಆ ಮೂಲಮಾನವನ್ನು ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿರುವ ಜಾಗತಿಕ ಮಾನದೊಂದಿಗೆ ತಾಳೆ ನೋಡಬೇಕು. ಅಕ್ಕಸಾಲಿಗನ ತಕ್ಕಡಿಗೆ ತೋರುವ ಎಚ್ಚರವನ್ನೇ ಇಲ್ಲಿಯೂ ತೋರಬೇಕು. ಆ ಎಚ್ಚರ ಪುಣೆಯಲ್ಲಿ ಸಂಪ್ರದಾಯವಾಯಿತು. ವಿಶ್ವ ಹವಾಮಾನ ಸಂಸ್ಥೆಯ ಪ್ರಾದೇಶಿಕ ವಿಕಿರಣ ಕೇಂದ್ರವೆಂಬ ಮನ್ನಣೆಯೂ ಪುಣೆಗೆ ಬಂತು.

ಇಷ್ಟೆಲ್ಲ ಬೇರೆಬೇರೆಯಾಗಿ ಅಳೆಯುವ ಗೋಜು ಏತಕ್ಕೆ ಎಂದು ನಮಗೂ ಮೊದಲು ಅನಿಸಿತ್ತು. ಉತ್ತರ ಹಪ್ಪಳದ ಮೊರದಲ್ಲಿದೆ. ಊರಿನಲ್ಲಿ ನಮ್ಮ ಅಜ್ಜಿ ಚಳಿಗಾಲದಲ್ಲಿ ಹಪ್ಪಳದ ಮೊರವನ್ನು ನೆಲದ ಮೇಲೆ ಚಪ್ಪಟೆಯಾಗಿ ಇಡುತ್ತಿರಲಿಲ್ಲ. ಹಿಂದೆ ಒಂದು ಕಲ್ಲು ಕೊಟ್ಟು ಸೂರ್ಯನತ್ತ ಓರೆ ಮಾಡುತ್ತಿದ್ದರು. ಬೇಸಗೆಯಲ್ಲಿ ಕಲ್ಲಿನ ಅಗತ್ಯವಿರಲಿಲ್ಲ, ಸೂರ್ಯ ನೆತ್ತಿಯ ಮೇಲಿರುತ್ತಿದ್ದ. ಓರೆಯಾದ ಮೇಲ್ಮೈಗೆ ಬೀಳುವ ಬಿಸಿಲಿನ ಲೆಕ್ಕ ಇದೇ. ಡೊಂಬಿವಲಿಯ ಅಕ್ಷಾಂಶ ಸುಮಾರು 19 ಡಿಗ್ರಿ ಉತ್ತರ. ಡಿಸೆಂಬರ್ 22ರ ನಡುಹಗಲಿನಲ್ಲಿಯೂ ಇಲ್ಲಿ ಸೂರ್ಯನು ದಕ್ಷಿಣ ದಿಗಂತದಿಂದ 47 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಆಗ ನೆಲದ ಮೇಲೆ ಚಪ್ಪಟೆಯಾಗಿ ಮಲಗಿಸಿದ ಫಲಕಕ್ಕೆ ನೇರ ಬಿಸಿಲಿನ 73 ಪಾಲು ದೊರೆತರೆ, ದಕ್ಷಿಣಕ್ಕೆ 19 ಡಿಗ್ರಿ ಓರೆಯಾಗಿಸಿದ ಫಲಕಕ್ಕೆ ಸುಮಾರು 92 ಪಾಲು ದೊರೆಯುತ್ತದೆ. ಅಂದರೆ ಸರಿಸುಮಾರು ಕಾಲುಭಾಗ ಹೆಚ್ಚು. ಜೂನ್ 21ರಂದು ಲೆಕ್ಕ ತಿರುಗುತ್ತದೆ. ಸೂರ್ಯ ನಮ್ಮ ನೆತ್ತಿಯನ್ನು ದಾಟಿ ನಾಲ್ಕು ಡಿಗ್ರಿ ಉತ್ತರಕ್ಕಿರುವುದರಿಂದ ಚಪ್ಪಟೆ ಫಲಕವೇ ಮೇಲು, ಓರೆಯಾದದ್ದು ನೂರಕ್ಕೆ ಎಂಟರಷ್ಟು ಕಳೆದುಕೊಳ್ಳುತ್ತದೆ. ಆದರೆ ಆ ಹೊತ್ತಿಗೆ ನಮ್ಮಲ್ಲಿ ಮಳೆಗಾಲದ ಮೋಡ. ನೇರ ಬಿಸಿಲೇ ಅಪರೂಪ.

ಮೋಡ ಕವಿದಾಗ ಬರುವ ಬೆಳಕು ಆಕಾಶದ ಎಲ್ಲ ಮೂಲೆಗಳಿಂದ ಚದರಿ ಬರುತ್ತದೆ. ಅದಕ್ಕೆ ಓರೆಯ ಹಂಗು ಹೆಚ್ಚಿಲ್ಲ. 19 ಡಿಗ್ರಿ ಓರೆಯಾದ ಫಲಕಕ್ಕೆ ಆಕಾಶದ 97 ಪಾಲು ಕಾಣುತ್ತಲೇ ಇರುತ್ತದೆ. ಉಳಿದ ಮೂರು ಪಾಲಿನಲ್ಲಿ ಅದು ನೋಡುವುದು ನೆಲವನ್ನು, ನೆಲ ಮರಳಿಸುವ ಬೆಳಕೋ ತೀರ ಸ್ವಲ್ಪ. ಹೀಗೆ ನೇರ, ಚದರಿದ, ನೆಲದಿಂದ ಮರಳಿದ ಮೂರನ್ನೂ ಬೇರೆಬೇರೆಯಾಗಿ ಓರೆಗೆ ಹೊಂದಿಸಿ ಕೂಡಿದರೆ ಫಲಕಕ್ಕೆ ಸಿಗುವ ಒಟ್ಟು ಬಿಸಿಲು ತಿಳಿಯುತ್ತದೆ. ರೇಖಾಗಣಿತ ಪುಸ್ತಕದಲ್ಲಿದೆ, ಯಾರು ಬೇಕಾದರೂ ಮಾಡಬಹುದು. ಆದರೆ ಒಟ್ಟು ಬಿಸಿಲೆಷ್ಟು, ಅದರಲ್ಲಿ ಚದರಿದ್ದು ಎಷ್ಟು ಎಂಬ ಎರಡು ಅಂಕಿಗಳು ನಿಜವಾಗಿ ಅಳೆದು ಬರೆದಿಟ್ಟವಾಗಿರಬೇಕು. ಆ ಅಂಕಿಗಳಿಲ್ಲದೆ ಸೂತ್ರದಿಂದ ಏನೂ ಹೊರಡದು.

ಮಾಪಕವಿಲ್ಲದ ಊರುಗಳ ಗತಿಯೇನು? ಬೆಳಗಿನಿಂದ ಸಂಜೆಯವರೆಗೆ ಎಷ್ಟು ಗಂಟೆ ಬಿಸಿಲು ಬಿತ್ತೆಂಬುದನ್ನು ಹವಾಮಾನ ಕೇಂದ್ರಗಳಲ್ಲಿ ಒಂದು ಗಾಜಿನ ಗೋಲ ದಾಖಲಿಸುತ್ತಿತ್ತು. ಗೋಲದ ಮೂಲಕ ಹಾದ ಕಿರಣ ಹಿಂದಿನ ಕಾಗದದ ಪಟ್ಟಿಯನ್ನು ಸುಡುತ್ತಾ ಹೋಗುತ್ತದೆ, ಸುಟ್ಟ ಗೆರೆಯ ಉದ್ದವೇ ಬಿಸಿಲಿನ ಗಂಟೆಗಳು. ಆ ಗಂಟೆಗಳಿಂದ ಬಿಸಿಲಿನ ಶಕ್ತಿಯನ್ನು ಅಂದಾಜಿಸುವ ದಾರಿಯನ್ನು ಸ್ವೀಡನ್ನಿನ ಆಂಗ್‌ಸ್ಟ್ರಾಮ್ 1924ರಲ್ಲಿ ತೋರಿದ್ದರು. ಆದರೆ ಆ ಸೂತ್ರದ ಸ್ಥಿರಾಂಕಗಳು ಪ್ರತಿ ಹವೆಗೂ ಬೇರೆ. ನಮ್ಮ ದೇಶದ ಧೂಳು, ತೇವ, ಮಬ್ಬುಗಳಿಗೆ ತಕ್ಕ ಸ್ಥಿರಾಂಕಗಳನ್ನು ಇಲ್ಲಿನ ಅಳತೆಗಳಿಂದಲೇ ಕಂಡುಹಿಡಿಯಬೇಕಿತ್ತು. ಪುಣೆ ಮತ್ತು ದೆಹಲಿಯ ಗಾಳಿಯ ಮಬ್ಬು ಸೂರ್ಯಕಿರಣವನ್ನು ಎಷ್ಟು ಕುಂದಿಸುತ್ತದೆ ಎಂಬುದನ್ನು ಅನ್ನಾ ಮಣಿ ಹಾಗೂ ಸಂಗಡಿಗರು ಭೂಭೌತ ವರ್ಷದಿಂದಲೇ ಅಳೆಯತೊಡಗಿದ್ದರು.

ಅವರ ಕೆಲಸ ಬಿಸಿಲಿಗೇ ಸೀಮಿತವಾಗಿರಲಿಲ್ಲ. ವಾತಾವರಣದ ಮೇಲಿನ ಓಜೋನ್ ಅಳೆಯಲು ಬಲೂನಿನಲ್ಲಿ ಕಳುಹಿಸುವ ಸಾಧನವನ್ನು 1960ರ ದಶಕದಲ್ಲಿ ಸ್ವದೇಶಿಯಾಗಿ ಸಿದ್ಧಪಡಿಸಿದರು; ಓಜೋನ್ ಪದರದ ಸುದ್ದಿ ಪತ್ರಿಕೆಗಳಿಗೆ ಬರುವುದಕ್ಕೆ ಎರಡು ದಶಕಗಳ ಮೊದಲಿನ ಮಾತಿದು. 1963ರಲ್ಲಿ ತುಂಬಾದಿಂದ ಮೊದಲ ರಾಕೆಟ್ಟು ಹಾರಿತು. ವಿಕ್ರಮ್ ಸಾರಾಭಾಯಿಯವರ ಕೋರಿಕೆಯ ಮೇರೆಗೆ ಅಲ್ಲಿ ಹವಾಮಾನ ವೀಕ್ಷಣಾಲಯವನ್ನು ಅನ್ನಾ ಮಣಿಯವರು ಸಜ್ಜುಗೊಳಿಸಿದರು. 1969ರಲ್ಲಿ ದೆಹಲಿಗೆ ವರ್ಗ, ಉಪ ಮಹಾನಿರ್ದೇಶಕಿಯ ಹುದ್ದೆ, 1976ರಲ್ಲಿ ನಿವೃತ್ತಿ.

ನಿವೃತ್ತಿಯ ತರುವಾಯ ಬೆಂಗಳೂರಿಗೆ, ರಾಮನ್ ಸಂಶೋಧನಾ ಸಂಸ್ಥೆಗೆ ಸಂದರ್ಶಕ ಪ್ರಾಧ್ಯಾಪಕಿಯಾಗಿ ಮರಳಿದರು. ತೈಲದ ಬೆಲೆ ಏರಿ ದೇಶದೇಶಗಳೂ ಬಿಸಿಲು, ಗಾಳಿಗಳತ್ತ ಮುಖ ಮಾಡಿದ್ದ ಹೊತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಲೆಹಾಕಿದ ಅಳತೆಗಳನ್ನು ಶೋಧಿಸಿ 1980ರಲ್ಲಿ ಭಾರತದ ಸೌರವಿಕಿರಣ ಅಂಕಿಅಂಶಗಳ ಕೈಪಿಡಿಯನ್ನು ಹೊರತಂದರು. ಅದರ ಬೆನ್ನಿಗೇ ಎಸ್. ರಂಗರಾಜನ್ ಅವರೊಡನೆ ಭಾರತದ ಮೇಲಿನ ಸೌರವಿಕಿರಣವನ್ನು ಕುರಿತ ಇನ್ನೊಂದು ಗ್ರಂಥ ಬಂತು. ಮೊದಲನೆಯದು ಅಳೆದ ಅಂಕಿಗಳ ಭಂಡಾರ. ಎರಡನೆಯದು ಅಳೆಯದ ಊರುಗಳಿಗೂ ಲೆಕ್ಕ ವಿಸ್ತರಿಸಿದ್ದು. ಜಲತಾಪಕದ ವಿಸ್ತಾರ ಎಷ್ಟಿರಬೇಕು, ಫಲಕ ಎಷ್ಟು ಬೇಕು ಎಂದು ಲೆಕ್ಕ ಹಾಕುವ ಇಂಜಿನಿಯರುಗಳ ಮೇಜಿನ ಮೇಲೆ ಇವೆರಡೂ ಕುಳಿತವು. ಪೊವಾಯಿ ಐ.ಐ.ಟಿ.ಯ ಪ್ರಾಧ್ಯಾಪಕ ಎಸ್. ಪಿ. ಸುಖಾತ್ಮೆ ಅವರ ಸೌರಶಕ್ತಿಯ ಪಠ್ಯಪುಸ್ತಕವೂ ಆ ಅಂಕಿಗಳನ್ನು ಬಳಸಿಕೊಂಡಿತು. ಅಲ್ಲಿಂದ ವಿದ್ಯಾರ್ಥಿಗಳಿಗೆ, ಅವರಿಂದ ಯೋಜನಾ ವರದಿಗಳಿಗೆ, ಕೊನೆಗೆ ನಮ್ಮ ಮೊಹರಿನ ಕೆಳಗೆ. ಬಳಿಕ ಗಾಳಿಯ ಸರದಿ. ದೇಶದ ನೂರಾರು ಕಡೆ ಗಾಳಿಯ ವೇಗ ಅಳೆಯಿಸಿ ಅದರ ಸಂಪುಟಗಳನ್ನೂ ಪ್ರಕಟಿಸಿದರು. ಗಾಳಿ, ಬಿಸಿಲುಗಳ ಮಾಪಕಗಳನ್ನು ತಯಾರಿಸುವ ಸಣ್ಣ ಕಾರ್ಯಾಗಾರವೊಂದನ್ನು ಬೆಂಗಳೂರಿನಲ್ಲಿ ನಡೆಸಿದರು. 1987ರಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಕೆ. ಆರ್. ರಾಮನಾಥನ್ ಪದಕವನ್ನಿತ್ತು ಗೌರವಿಸಿತು.

ಇನ್ನು ನಮ್ಮ ತಾರಸಿಯ ಕಥೆ. ಸುಮಾರು ಹದಿನೈದು ವರ್ಷಗಳ ಹಿಂದೆ ಇದೇ ಕಟ್ಟಡದ ಮೇಲೆ ಗುತ್ತಿಗೆದಾರರೊಬ್ಬರು ಜಲತಾಪಕ ಕೂರಿಸಿದ್ದರು. ಕೊಳಾಯಿಯ ಉದ್ದ ಉಳಿಸಲೆಂದು ಅದರ ಮುಖವನ್ನು ರಸ್ತೆಯ ಕಡೆಗೆ, ಅಂದರೆ ಉತ್ತರಕ್ಕೆ ತಿರುಗಿಸಿದ್ದರು. ಮೇ ತಿಂಗಳಲ್ಲಿ ನೀರು ಕೈ ಸುಡುತ್ತಿತ್ತು, ಯಾರಿಗೂ ಬೇಡವಾಗಿತ್ತು. ಡಿಸೆಂಬರಿನಲ್ಲಿ, ಬೇಕಾದಾಗ, ಉಗುರುಬೆಚ್ಚಗೆ. ಡೊಂಬಿವಲಿಯ ಹೊಗೆ, ಬಿಸಿಲಿನ ಬಲಹೀನತೆ ಎಂದು ನಾವೆಲ್ಲ ಸಮಾಧಾನ ಹೇಳಿಕೊಂಡೆವು. ಮೂರೇ ವರ್ಷದಲ್ಲಿ ಅದನ್ನು ಗುಜರಿಗೆ ಹಾಕಲಾಯಿತು. ಲೆಕ್ಕ ತಿಳಿದ ಮೇಲೆ ನೋಡಿದರೆ, ಉತ್ತರಕ್ಕೆ 19 ಡಿಗ್ರಿ ಓರೆಯಾದ ಮೇಲ್ಮೈಗೆ ಡಿಸೆಂಬರಿನ ನಡುಹಗಲಿನಲ್ಲಿ ದೊರೆಯುವುದು ನೇರ ಬಿಸಿಲಿನ 47 ಪಾಲು, ದಕ್ಷಿಣಕ್ಕಿದ್ದಿದ್ದರೆ 92. ಅರ್ಧದಷ್ಟು ಬಿಸಿಲನ್ನು ನಾವೇ ಬೆನ್ನಹಿಂದೆ ಬಿಟ್ಟಿದ್ದೆವು. ಆ ಸಲ ವಂತಿಗೆ ಕೊಟ್ಟವರಲ್ಲಿ ಪಿಂಚಣಿಯಿಲ್ಲದ ಹಿರಿಯರೂ ಇದ್ದರು. ಸೌರಶಕ್ತಿಯ ಮಾತೆತ್ತಿದರೆ ಅವರು ಇಂದಿಗೂ ತಲೆಯಲ್ಲಾಡಿಸುತ್ತಾರೆ. ಕಳೆದ ಸಭೆಯ ತಕರಾರಿನ ಬೇರು ಅಲ್ಲಿತ್ತು.

ಹಾಗಾಗಿ ಈ ಬಾರಿ ಹೊಸ ಗುತ್ತಿಗೆದಾರರಿಂದ ತಿಂಗಳುವಾರು ಲೆಕ್ಕವನ್ನು ಬರಹದಲ್ಲಿ ಕೇಳಿ ಪಡೆದೆವು. ಇಂದು ಉಪಗ್ರಹದ ಅಂಕಿಗಳಿವೆ, ಗಣಕಯಂತ್ರ ಕ್ಷಣದಲ್ಲಿ ಓರೆಯ ಲೆಕ್ಕ ಒಪ್ಪಿಸುತ್ತದೆ. ಆದರೂ ಆ ಉಪಗ್ರಹದ ಅಂದಾಜು ಸರಿಯೋ ಎಂದು ನೋಡಬೇಕಾದರೆ ನೆಲದ ಮೇಲಿನ ಗಾಜಿನ ಗುಮ್ಮಟಗಳ ಬಳಿಗೇ ಬರಬೇಕು. ನೀರಿನ ಟಾಂಕಿಯ ನೆರಳು ಮಧ್ಯಾಹ್ನ ಮೂರರ ಬಳಿಕ ಒಂದು ಸಾಲಿನ ಮೇಲೆ ಬೀಳುವುದನ್ನು ನಮ್ಮ ಮಹಡಿಯ ಗೃಹಿಣಿಯೊಬ್ಬರು ತೋರಿಸಿಕೊಟ್ಟರು. ಅವರು ಸಂಡಿಗೆ ಹಾಕುವ ಜಾಗವದು. ಆ ಸಾಲನ್ನು ಪೂರ್ವಕ್ಕೆ ಸರಿಸಲು ಗುತ್ತಿಗೆದಾರರು ಒಪ್ಪಿದ್ದಾರೆ.

1994ರಲ್ಲಿ ಅನ್ನಾ ಮಣಿಯವರಿಗೆ ಪಾರ್ಶ್ವವಾಯು ಬಡಿದು ನಡೆದಾಟ ನಿಂತಿತು. 2001ರ ಆಗಸ್ಟ್ 16ರಂದು, ಎಂಬತ್ತಮೂರು ತುಂಬಲು ಒಂದು ವಾರವಿರುವಾಗ, ತಿರುವನಂತಪುರದಲ್ಲಿ ತೀರಿಕೊಂಡರು. ನಮಗೆ ನೆನಪಿರುವಂತೆ ಆ ದಿನಗಳಲ್ಲೂ ನಮ್ಮ ಮೇಜಿನ ಮೇಲೆ ಜಲತಾಪಕದ ಅರ್ಜಿಗಳಿದ್ದವು. 2022ರ ಆಗಸ್ಟ್ 23ರಂದು ಗೂಗಲಿನವರು ತಮ್ಮ ಮುಖಪುಟದಲ್ಲಿ ಅವರ ಚಿತ್ರ ಹಾಕಿದಾಗ ಕಾಲೇಜಿಗೆ ಹೋಗುವ ನಮ್ಮ ಮಗಳು ಮೊಬೈಲು ತಂದು ತೋರಿಸಿ, ಅಪ್ಪಾ, ಇವರು ಯಾರೆಂದು ಗೊತ್ತೇ ಎಂದು ಕೇಳಿದಳು. ಖಾದಿ ಸೀರೆಯ ಆ ಮಹಿಳೆಯೇ ನಮ್ಮ ಕೋಷ್ಟಕಗಳ ಮಣಿ ಎಂದು ಹೊಳೆಯಲು ಆ ದಿನ ಸಂಜೆಯವರೆಗೆ ಓದಬೇಕಾಯಿತು.